ಹೊಸ ಆವೃತ್ತಿ ಬಂದಿದೆ, ಹಾಕ್ಕೊಂಡ್ರಾ?

ಬಹಳ ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ. ಕೆಲಸ, ಅದರ ಮೇಲೆ ಸೋಮಾರಿತನ, ಮತ್ತೆ ಕೆಲಸ.. ಇವತ್ತು ಮಾತ್ರ ಬರೆಯದೆ ಇರೋಕ್ಕಾಗಲ್ಲ ಅನ್ನಿಸಿತು. ಕಾರಣ ಒಂದು ಮದುವೆ ಊಟ :-)

ಹೋದ ವಾರ ಇಂಜಿನಿಯರಿಂಗ್ ಗೆಳೆಯನೊಬ್ಬನ ಮದುವೆಗೆ ತುಮಕೂರಿಗೆ ಹೋಗಿದ್ದೆ. ಪಂಕ್ತಿಯಲ್ಲಿ ಪಕ್ಕ ಕೂತವನೂ ನಮ್ಮ ಕ್ಲಾಸಿನವನೇ. ಈಗ ಬೆಂಗಳೂರಿನ ಒಂದು ಕಂಪನಿಯಲ್ಲಿ ಸರ್ವರ್ ನೋಡ್ಕೊಳ್ಳೋ ಕೆಲಸ. ಮಾತು ಎಲ್ಲೆಲ್ಲೋ ಸುತ್ತಿ ಕೊನೆಗೆ ಸರ್ವರ್‌ಗೇ ಬಂತು. "ನಮ್ದು ಅಪಾಚೆ ಮಗಾ, ನಾಲ್ಕು ವರ್ಷದಿಂದ ಒಂದ್ಸಲನೂ ಮುಟ್ಟಿಲ್ಲ. ಓಡ್ತಿರೋದನ್ನ ಯಾಕೆ ಮುಟ್ಟಬೇಕು?" ಅಂದ. ಹೇಳಿದ ಧಾಟಿ ಹೇಗಿತ್ತು ಅಂದ್ರೆ, ನಾಲ್ಕು ವರ್ಷದಿಂದ ಸಿಗರೇಟ್ ಮುಟ್ಟಿಲ್ಲ ಅಂತ ಹೇಳ್ತಾರಲ್ಲ, ಹಾಗೆ! ನಾನು ಬಾಯಿ ಬಿಡೋಷ್ಟರಲ್ಲಿ ಹೋಳಿಗೆ ಬಂತು, ಸುಮ್ಮನಾದೆ. ಅಲ್ಲಿ ನುಂಗಿಕೊಂಡ ಮಾತನ್ನ ಇಲ್ಲಿ ಬರೀತಿದೀನಿ. ಅವನು ಓದ್ತಾನೋ ಇಲ್ವೋ ಗೊತ್ತಿಲ್ಲ. ಅವನ ಥರದವರು ಸಾವಿರಾರು ಜನ ಇದಾರೆ. ಮೊದಲು ನಾನೂ ಅವರಲ್ಲೊಬ್ಬ ಆಗಿದ್ದೆ ಅನ್ನೋದನ್ನ ಮೊದಲೇ ಒಪ್ಕೊಂಡುಬಿಡ್ತೀನಿ.

ಸಾಫ್ಟ್‌ವೇರ್ ಕಡೆಯವರಲ್ಲದವರಿಗೆ ಎರಡು ಮಾತು. ನೀವು ಬ್ರೌಸರ್‌ನಲ್ಲಿ ಯಾವುದೋ ತಾಣದ ವಿಳಾಸ ಕುಟ್ಟಿದಾಗ ಆ ಕಡೆ ಒಂದು ಕಂಪ್ಯೂಟರ್‌ನಲ್ಲಿ ಕೂತು "ತಗೊಳ್ಳಿ ನೀವು ಕೇಳಿದ ಪುಟ" ಅಂತ ಕೊಡೋ ತಂತ್ರಾಂಶಕ್ಕೆ ವೆಬ್ ಸರ್ವರ್ ಅಂತಾರೆ. ಅಪಾಚೆ ಅಂಥದ್ದೊಂದು. ದುಡ್ಡು ಕೊಡಬೇಕಾಗಿಲ್ಲ, ಮೂಲ ಸಂಕೇತ ಎಲ್ಲರಿಗೂ ತೆರೆದಿದೆ. 1990ರ ದಶಕದ ಶುರುವಿನಲ್ಲಿ ಅಮೆರಿಕದ ಎನ್‌ಸಿಎಸ್‌ಎ ಅನ್ನೋ ಸಂಸ್ಥೆಯಲ್ಲಿ ರಾಬ್ ಮೆಕೂಲ್ ಬರೆದ ಸರ್ವರ್ ಒಂದಿತ್ತು. 1994ರಲ್ಲಿ ಅವರು ಆ ಸಂಸ್ಥೆ ಬಿಟ್ಟ ಮೇಲೆ ಅದು ವಾರಸುದಾರರಿಲ್ಲದ ಮನೆ ಥರ ಆಯ್ತು. ಬಳಸ್ತಿದ್ದವರು ತಮ್ಮ ತಮ್ಮ ಮಟ್ಟಿಗೆ ತೇಪೆ ಹಾಕ್ಕೊಂಡು ನಡೆಸ್ತಿದ್ರು. ಅಂಥ ಎಂಟು ಜನ 1995ರಲ್ಲಿ ಒಟ್ಟಾಗಿ ತೇಪೆಗಳನ್ನೆಲ್ಲ ಕೂಡಿಸಿದ್ರು. ಆ ವರ್ಷ ಏಪ್ರಿಲ್‌ನಲ್ಲಿ 0.6.2 ಅನ್ನೋ ಮೊದಲ ಸಾರ್ವಜನಿಕ ಆವೃತ್ತಿ ಬಂತು, ಡಿಸೆಂಬರ್ 1ಕ್ಕೆ 1.0 ಬಂತು. ಅದೇ ಅಪಾಚೆ. ಒಂದು ವರ್ಷದೊಳಗೆ ಇಂಟರ್‌ನೆಟ್‌ನಲ್ಲಿ ಅತಿ ಹೆಚ್ಚು ಬಳಕೆಯ ಸರ್ವರ್ ಆಯ್ತು.

ಇದನ್ನ ಯಾಕೆ ಹೇಳಿದೆ ಅಂದ್ರೆ, ಅದನ್ನ ಕಟ್ಟಿದವರು ಬಳಸ್ತಿದ್ದವರೇ. ಅಂಗಡಿಯವನು ಬೇರೆ ಗಿರಾಕಿ ಬೇರೆ ಅನ್ನೋ ಲೆಕ್ಕ ಅಲ್ಲಿ ಇರಲಿಲ್ಲ. ನಾವು ಅದನ್ನ ಅಂಗಡಿ ಮಾಡ್ಕೊಂಡಿದೀವಿ. ಅದೂ ದುಡ್ಡು ಕೊಡದೆ ಸಾಮಾನು ತರೋ ಅಂಗಡಿ.

ಹೊಸ ಆವೃತ್ತಿ ಹೇಗೆ ಬಿಡುಗಡೆ ಆಗುತ್ತೆ ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಅದನ್ನೇ ನಂಬಿ ಸಂಬಳ ಎಣಿಸ್ತಿದ್ರೂ, ಕೆಲಸಕ್ಕೆ ಸೇರಿ ಮೂರು ವರ್ಷ ಆಗೋವರೆಗೂ ನನಗಂತೂ ಗೊತ್ತಿರಲಿಲ್ಲ. ಎಲ್ಲೋ ಒಂದು ದೊಡ್ಡ ಗಾಜಿನ ಕಟ್ಟಡದಲ್ಲಿ ಟೆಸ್ಟಿಂಗ್ ಟೀಮು, ರಿಲೀಸ್ ಟೀಮು ಎಲ್ಲ ಇರುತ್ತೆ ಅಂದ್ಕೊಂಡಿದ್ದೆ.

ಅಲ್ಲಿ ನಡೆಯೋದು ಇಷ್ಟು. 2.4 ಅನ್ನೋ ಸ್ಥಿರ ಸಾಲಿಗೆ ಒಂದು ಬದಲಾವಣೆ ಸೇರಬೇಕಾದ್ರೆ ಮೂರು ಜನ ನೋಡಿ ಹೂಂ ಅನ್ನಬೇಕು. ಆಮೇಲೆ ಯಾರೋ ಒಬ್ಬರು "ಈ ಸಲ ಬಿಡುಗಡೆ ನಾನು ನೋಡ್ಕೋತೀನಿ" ಅಂತ ಮುಂದೆ ಬರ್ತಾರೆ. ಅವರೇ ರಿಲೀಸ್ ಮ್ಯಾನೇಜರ್. ಅವರು ಮೂಲ ಸಂಕೇತವನ್ನ ಗಂಟು ಕಟ್ಟಿ, ತಮ್ಮ ಡಿಜಿಟಲ್ ಸಹಿ ಹಾಕಿ, ಇದು ಬಿಡುಗಡೆಯ ಅಭ್ಯರ್ಥಿ, ಪರೀಕ್ಷಿಸಿ ಅಂತ ಎಲ್ಲರ ಮುಂದೆ ಇಡ್ತಾರೆ. ಮಾಮೂಲಿಯಾಗಿ ಕನಿಷ್ಠ 72 ಗಂಟೆ ಮತದಾನ. ಯೋಜನೆಯ ಸಮಿತಿಯವರಲ್ಲಿ ಕನಿಷ್ಠ ಮೂರು ಜನ ಪರವಾಗಿ ಮತ ಹಾಕಬೇಕು, ವಿರೋಧಕ್ಕಿಂತ ಪರ ಹೆಚ್ಚಿರಬೇಕು. ವೀಟೋ ಅನ್ನೋದಿಲ್ಲ. ಸಮಿತಿಯ ಹೊರಗಿನವರ ಮತ ಲೆಕ್ಕಕ್ಕೆ ಬರಲ್ಲ, ಆದ್ರೆ ಅವರು ಪರೀಕ್ಷಿಸಿ "ಇಲ್ಲಿ ಕೆಟ್ಟಿದೆ" ಅಂದ್ರೆ ಆ ಮಾತು ಲೆಕ್ಕಕ್ಕೆ ಬರುತ್ತೆ. ಅಭ್ಯರ್ಥಿ ಸರಿ ಇಲ್ಲ ಅಂತ ಗೊತ್ತಾದ್ರೆ ಅದನ್ನ ಅಲ್ಲೇ ಬಿಡ್ತಾರೆ. 2015ರ ಜನವರಿಯಲ್ಲಿ 2.4.12 ಬಂದ ಮೇಲೆ ಜನರ ಕೈಗೆ ಸಿಕ್ಕ ಮುಂದಿನ ಆವೃತ್ತಿ ಜುಲೈನಲ್ಲಿ ಬಂದ 2.4.16. ನಡುವಿನ 13, 14, 15 ಹೊಸ್ತಿಲು ದಾಟಲೇ ಇಲ್ಲ.

ಅಂದ್ರೆ ನಮ್ಮ ಬ್ಯಾಂಕು, ಕಾಲೇಜು, ಸರ್ಕಾರಿ ಕಚೇರಿ, ಬಟ್ಟೆ ಅಂಗಡಿ ಇವೆಲ್ಲದರ ತಾಣ ಹೊತ್ತ ತಂತ್ರಾಂಶದ ಬಿಡುಗಡೆ ನಿಂತಿರೋದು ಮೂರ್ನಾಲ್ಕು ದಿನದಲ್ಲಿ ತಮ್ಮ ತಮ್ಮ ಮೆಷಿನ್‌ನಲ್ಲಿ ಪರೀಕ್ಷೆ ಮಾಡಿ ಕೈ ಎತ್ತೋ ಕೆಲವೇ ಜನರ ಮೇಲೆ. ಆ ಮತದಾನದ ಹೊತ್ತಿನಲ್ಲಿ ನಾವು ಎಲ್ಲಿರ್ತೀವಿ? ಬಿಡುಗಡೆ ಆದ ಮೇಲೆ ಎಲ್ಲಿರ್ತೀವಿ? ನನ್ನ ತಕರಾರು ಇಷ್ಟೇ: ಬಿಡುಗಡೆ ಅನ್ನೋದು ಅವರ ಕೆಲಸ, ಬಳಸೋದು ನಮ್ಮ ಹಕ್ಕು ಅಂದ್ಕೊಂಡಿರೋದೇ ತಪ್ಪು. ಮೊದಲು ಪರೀಕ್ಷಿಸೋದರಲ್ಲಿ ನಮ್ಮ ಪಾಲಿದೆ, ಆಮೇಲೆ ಹಾಕ್ಕೊಳ್ಳೋದರಲ್ಲಿ ನಮ್ಮ ಹೊಣೆ ಇದೆ. ಎರಡನ್ನೂ ಬಿಟ್ಟು "ಓಡ್ತಿದೆ, ಮುಟ್ಟಬೇಡ" ಅನ್ನೋದು ಜಾಣತನ ಅಲ್ಲ, ಕಳ್ಳಾಟ.

ಇದಕ್ಕೆ ಬರೋ ಉತ್ತರಗಳು ನನಗೆ ಬಾಯಿಪಾಠ. ಒಂದೊಂದಾಗಿ ನೋಡೋಣ.

"ಹೊಸದರಲ್ಲೇ ಬಗ್ ಇರೋದು, ಹಳೇದು ಗಟ್ಟಿ."

ಇದು ಎಲ್ಲಕ್ಕಿಂತ ಬಲವಾದ ವಾದ. ಅದಕ್ಕೆ ಇದನ್ನೇ ಮೊದಲು ತಗೊಂಡೆ. ಈ ವಾದದಿಂದ ಪೆಟ್ಟು ತಿಂದವನು ನಾನೇ, ಆ ಕತೆ ಹೇಳ್ತೀನಿ.

2021ರ ಸೆಪ್ಟೆಂಬರ್ ಮಧ್ಯದಲ್ಲಿ ಅಪಾಚೆ 2.4.49 ಬಂತು. ಆಗ ನಾನು ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿದ್ದೆ (ಹೆಸರು ಬೇಡ ಬಿಡಿ). ಕೋವಿಡ್ ಕಾಲ, ಎಲ್ಲ ಮನೆಯಿಂದಲೇ. 2.4.48 ಮತ್ತು ಅದಕ್ಕಿಂತ ಹಿಂದಿನದರಲ್ಲಿ ಪ್ರಾಕ್ಸಿ ಮಾಡ್ಯೂಲಿನ ಒಂದು ದೊಡ್ಡ ತೂತು ಇತ್ತು. ಹೊರಗಿನವನು ವಿಚಿತ್ರವಾದ ವಿಳಾಸ ಕೊಟ್ಟು, ನಮ್ಮ ಸರ್ವರ್ ಕೈಯಿಂದಲೇ ತನಗೆ ಬೇಕಾದ ಬೇರೆ ಸರ್ವರ್‌ಗೆ ಕೋರಿಕೆ ಕಳಿಸುವ ಹಾಗೆ ಮಾಡಬಹುದಿತ್ತು. 2.4.49ರಲ್ಲಿ ಅದನ್ನ ಮುಚ್ಚಿದ್ರು. ನಮ್ಮ ಎರಡು ಸರ್ವರ್‌ಗಳಲ್ಲೂ ಆ ಮಾಡ್ಯೂಲ್ ಬಳಕೆಯಲ್ಲಿತ್ತು. ನಾನು ಮ್ಯಾನೇಜರ್ ಹತ್ರ ಗೋಗರೆದು, ಒಂದು ಶನಿವಾರ ರಾತ್ರಿ ಕೂತು ಆ ಎರಡಕ್ಕೂ, ಜೊತೆಗೆ ಟೆಸ್ಟಿಂಗ್ ಮೆಷಿನ್ ಒಂದಕ್ಕೂ 2.4.49 ಹಾಕಿದೆ. ಬೆಳಗಿನ ಜಾವ ಎಲ್ಲ ಸರಿಯಾಗಿ ಓಡಿದಾಗ ಏನೋ ಸಾಧಿಸಿದೆ ಅನ್ನೋ ಖುಷಿ.

ಖುಷಿ ಎರಡು ವಾರ ಇತ್ತು. ಅಕ್ಟೋಬರ್ 4ರಂದು 2.4.50 ಬಂತು. ಯಾಕಪ್ಪಾ ಅಂದ್ರೆ, 2.4.49ರಲ್ಲಿ ಫೈಲಿನ ಹಾದಿಯನ್ನ ಶುದ್ಧ ಮಾಡೋ ಭಾಗವನ್ನ ಬದಲಾಯಿಸಿದ್ರು, ಅಲ್ಲೇ ಎಡವಟ್ಟಾಗಿತ್ತು. ಎರಡು ಚುಕ್ಕಿ ಅಂದ್ರೆ "ಒಂದು ಫೋಲ್ಡರ್ ಮೇಲಕ್ಕೆ ಹೋಗು" ಅಂತ ಅರ್ಥ, ಹೊರಗಿನವರು ಹಾಗೆ ಕೇಳಿದ್ರೆ ಸರ್ವರ್ ತಡೀಬೇಕು. ಎರಡನೇ ಚುಕ್ಕಿಯನ್ನ ಚುಕ್ಕಿಯಾಗಿ ಬರೆಯದೆ ಶೇಕಡಾ ಗುರುತಿನ ಸಂಕೇತದಲ್ಲಿ ಬರೆದ್ರೆ ಆ ಸರ್ವರ್‌ಗೆ ಗುರುತು ಸಿಗ್ತಿರಲಿಲ್ಲ. ಹಾಗೆ ಮೇಲೆ ಮೇಲೆ ಹತ್ತಿ ವೆಬ್ ಫೋಲ್ಡರಿನ ಆಚೆಗಿನ ಫೈಲ್ ಓದಬಹುದಿತ್ತು. ಸಿಜಿಐ ಚಾಲೂ ಇದ್ರೆ ಆ ಮೆಷಿನ್ ಮೇಲೆ ತಮ್ಮ ಆದೇಶವನ್ನೇ ಓಡಿಸಬಹುದಿತ್ತು. ಹೊರಗಡೆ ಆಗಲೇ ಇದನ್ನ ಬಳಸ್ತಿದ್ರು. ಇನ್ನೂ ಕೇಳಿ. 2.4.50ರ ರಿಪೇರಿ ಅರ್ಧಂಬರ್ಧ. ಸಂಕೇತದ ಮೇಲೆ ಇನ್ನೊಂದು ಸಲ ಸಂಕೇತ ಹಾಕಿದ್ರೆ ಅದೂ ಮೋಸ ಹೋಗ್ತಿತ್ತು. ಅಕ್ಟೋಬರ್ 7ಕ್ಕೆ 2.4.51 ಬಂತು.

ತಮಾಷೆ ಅಂದ್ರೆ 2.4.48ರಲ್ಲೇ ಇದ್ದವರಿಗೆ ಈ ಹೊಸ ತೂತು ಇರಲೇ ಇಲ್ಲ! ಮ್ಯಾನೇಜರ್ ಫೋನ್ ಮಾಡಿ "ಏನಪ್ಪಾ, ನಾನು ಅವತ್ತೇ ಹೇಳ್ಲಿಲ್ವಾ?" ಅಂದ್ರು. "ಹೌದು ಸರ್" ಅನ್ನದೆ ಬೇರೆ ದಾರಿ ಇರಲಿಲ್ಲ. ರಾತ್ರೋರಾತ್ರಿ ಎರಡೂ ಸರ್ವರ್‌ಗೆ 2.4.51 ಹಾಕಿದೆ. ಮಾರನೇ ದಿನ ಮೇಲಿನಿಂದ ಅಪ್ಪಣೆ ಬಂತು: ಇನ್ನು ಮುಂದೆ ಯಾವ ಮೆಷಿನ್‌ನಲ್ಲೂ ಯಾವ ಅಪ್‌ಗ್ರೇಡೂ ಇಲ್ಲ. ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ಳೋದು ಅಂದ್ರೆ ಇದೇ.

ಈಗ ಯೋಚನೆ ಮಾಡಿ. "ಹಳೇದರಲ್ಲೇ ಇದ್ದು ಬಚಾವಾದೆವು" ಅಂತ ಅವತ್ತು ಮೀಸೆ ತಿರುವಿದವರು ನಿಜವಾಗಿ ಬಚಾವಾಗಿದ್ರಾ? ಪ್ರಾಕ್ಸಿ ಬಳಸ್ತಿದ್ದವರಿಗೆ 2.4.48ರ ಹಳೇ ತೂತು ಹಾಗೇ ಇತ್ತಲ್ಲ! ಅದನ್ನೂ ಕಳ್ಳರು ಬಳಸಿದ್ರು. ಅದೇ ವರ್ಷ ಡಿಸೆಂಬರ್‌ನಲ್ಲಿ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ತನ್ನ "ದಾಳಿಗೆ ಬಳಕೆಯಾಗ್ತಿರೋ ದೋಷಗಳು" ಪಟ್ಟಿಗೆ ಅದನ್ನ ಸೇರಿಸಿತು. ಹಿಂಬಾಗಿಲು ತೆರೆದಿರೋದು ಗೊತ್ತಿಲ್ಲದೆ, ಪಕ್ಕದ ಮನೆಯ ಮುಂಬಾಗಿಲು ನೋಡಿ ನಕ್ಕ ಹಾಗೆ.

ಇನ್ನೊಂದು ಮಾತು. 2.4.49 ಇದ್ದವರೆಲ್ಲ ಮುಳುಗಲಿಲ್ಲ. ಅಪಾಚೆಯ ಜೊತೆ ಬರೋ ಕಾನ್ಫಿಗ್ ಫೈಲ್‌ನಲ್ಲಿ ಇಡೀ ಡಿಸ್ಕಿಗೆ "ಯಾರಿಗೂ ಪ್ರವೇಶ ಇಲ್ಲ" ಅನ್ನೋ ಸಾಲು ಇರುತ್ತೆ. ಬೇಕಾದ ಫೋಲ್ಡರ್ ಮಾತ್ರ ನಾವು ತೆರೀಬೇಕು. ಆ ಸಾಲು ಹಾಗೇ ಇದ್ದವರ ಹೊರಗಿನ ಫೈಲ್‌ಗಳು ಕಳ್ಳರ ಕೈಗೆ ಸಿಗಲಿಲ್ಲ. ನಮ್ಮ ಎರಡು ಸರ್ವರ್ ಉಳಿದದ್ದು ಆ ಒಂದು ಸಾಲಿನಿಂದ. ಹಾಗಾದ್ರೆ ಪಾಠ ಏನು? ಹೊಸದು ಕೆಟ್ಟದ್ದು ಅಂತಲಾ? ಅಲ್ಲ. ಕಣ್ಣು ಮುಚ್ಚಿ ಹಾಕ್ಕೊಳ್ಳೋದೂ ತಪ್ಪು, ಕಣ್ಣು ಮುಚ್ಚಿ ಕೂರೋದೂ ತಪ್ಪು. ಹಾಕ್ಕೊಂಡು, ಮುಂದಿನ ಸುದ್ದಿಗೆ ಕಣ್ಣಿಟ್ಟು, ಎರಡನೇ ದಿನ ಇನ್ನೊಂದು ಬಂದ್ರೆ ಅದನ್ನೂ ಹಾಕ್ಕೊಳ್ಳೋಕೆ ತಯಾರಿರಬೇಕು.

ಇದು ಒಂದೇ ಸಲ ಆಗಿದ್ದಲ್ಲ. 2024ರ ಜುಲೈ 1ಕ್ಕೆ 2.4.60 ಬಂತು, ಹಲವಾರು ಭದ್ರತಾ ದೋಷ ಮುಚ್ಚಿಕೊಂಡು. ಅದರಲ್ಲಿ ಒಂದು ಹೊಸ ಎಡವಟ್ಟು ಸೇರಿ, ಕೆಲವು ಬಗೆಯ ಹಳೇ ಕಾನ್ಫಿಗ್ ಇದ್ದವರ ಪಿಎಚ್‌ಪಿ ಫೈಲು ಓಡೋ ಬದಲು ಅದರ ಮೂಲ ಸಂಕೇತವೇ ಬ್ರೌಸರ್‌ಗೆ ಹೋಗೋ ಅಪಾಯ ಬಂತು. ಜುಲೈ 3ಕ್ಕೆ 2.4.61. ಅದೂ ಪೂರ್ತಿ ಸಾಲದೆ ಜುಲೈ 17ಕ್ಕೆ 2.4.62. ಮತ್ತೆ 2025ರ ಜುಲೈನಲ್ಲಿ 2.4.64 ಬಂದಾಗ, ವಿಳಾಸ ಬದಲಿಸೋ ಮಾಡ್ಯೂಲಿನಲ್ಲಿ ಒಂದು ಬಗೆಯ ಷರತ್ತು ಏನೇ ಇದ್ರೂ "ನಿಜ" ಅಂತಲೇ ಹೇಳೋಕೆ ಶುರುಮಾಡಿತು. ಅದೇ ತಿಂಗಳು 2.4.65 ಬಂತು.

ಇದನ್ನೆಲ್ಲ ಮುಚ್ಚಿಡದೆ ಯಾಕೆ ಬರೀತಿದೀನಿ? ಯಾಕಂದ್ರೆ ನನ್ನ ವಾದ ನಿಂತಿರೋದೇ ಇದರ ಮೇಲೆ. ಈ ಎಡವಟ್ಟುಗಳು ಮತದಾನದ ಆ ಮೂರು ದಿನದಲ್ಲಿ ಯಾಕೆ ಸಿಗಲಿಲ್ಲ? ಎಲ್ಲವೂ ಸಿಗ್ತಿತ್ತು ಅಂತ ನಾನು ಹೇಳಲ್ಲ, ಹಾದಿಯ ತೂತು ಹುಡುಕೋಕೆ ಕಳ್ಳನ ಬುದ್ಧಿ ಬೇಕು. ಆದ್ರೆ ಷರತ್ತು ಯಾವಾಗಲೂ "ನಿಜ" ಅನ್ನೋದು? ಆ ಬಗೆಯ ಷರತ್ತು ಬಳಸೋ ಒಂದೇ ಒಂದು ಕಂಪನಿ ಬಿಡುಗಡೆಗೆ ಮೊದಲು ತನ್ನ ಟೆಸ್ಟಿಂಗ್ ಮೆಷಿನ್‌ನಲ್ಲಿ ತನ್ನದೇ ಕಾನ್ಫಿಗ್ ಇಟ್ಟು ಅರ್ಧ ಗಂಟೆ ಓಡಿಸಿ ನೋಡಿದ್ರೆ ಕಣ್ಣಿಗೆ ಬೀಳ್ತಿತ್ತು. ಬರೆಯೋರ ಹತ್ರ ಅವರ ಪರೀಕ್ಷೆಗಳಿವೆ. ನಮ್ಮ ಕಾನ್ಫಿಗ್ ಅವರ ಹತ್ರ ಇಲ್ಲ, ಅದು ನಮ್ಮ ಹತ್ರ ಮಾತ್ರ ಇದೆ. ಪರೀಕ್ಷೆಗೆ ಕರೆದಾಗ ಹೋಗದೆ, ಆಮೇಲೆ "ಹೊಸದರಲ್ಲಿ ಬಗ್ ಇದೆ" ಅಂತ ಬೈಯೋಕೆ ನಮಗೆ ಯಾವ ಮುಖ ಇದೆ?

"ಪುಕ್ಕಟೆ ತಂತ್ರಾಂಶ, ಹೆಚ್ಚುಕಮ್ಮಿ ಆದ್ರೆ ಯಾರನ್ನ ಹಿಡ್ಕೊಂಡು ಕೇಳೋದು?"

ಯಾರನ್ನೂ ಕೇಳೋ ಹಾಗಿಲ್ಲ ಸ್ವಾಮಿ. ಲೈಸೆನ್ಸ್‌ನಲ್ಲೇ ಬರೆದಿದೆ: ಇದ್ದದ್ದು ಇದ್ದ ಹಾಗೆ ಕೊಡ್ತಿದೀವಿ, ಯಾವ ಖಾತರಿಯೂ ಇಲ್ಲ, ಬಳಸೋದು ಸೂಕ್ತವೋ ಅಲ್ಲವೋ ಅಂತ ತೀರ್ಮಾನಿಸೋ ಹೊಣೆ ನಿಮ್ಮದೇ. ನಾವು ಅದನ್ನ ಓದದೆ ಒಪ್ಕೊಂಡಿದೀವಿ. "ಪುಕ್ಕಟೆ ಸಿಕ್ಕಿದ್ರೆ ನನಗೂ ಇರಲಿ ನಮ್ಮಪ್ಪಂಗೂ ಇರಲಿ" ಅಂತ ಗಾದೆ ಇದೆಯಲ್ಲ, ಹಾಗೆ ನೂರು ಮೆಷಿನ್‌ಗೆ ಹಾಕ್ಕೊಂಡು, ನೋಡಿಕೊಳ್ಳೋಕೆ ಅಂತ ಗಿರಾಕಿಯಿಂದ ವರ್ಷ ವರ್ಷ ದುಡ್ಡೂ ತಗೋತೀವಿ. ಆ ದುಡ್ಡು ಯಾತಕ್ಕೆ? ಮುಟ್ಟದೆ ಇರೋದಕ್ಕಾ? ಏನೂ ಮಾಡದೆ ಇರೋದಕ್ಕೆ ಬಿಲ್ ಹಾಕೋ ಉದ್ಯಮ ಇನ್ನೊಂದಿದ್ರೆ ತಿಳಿಸಿ, ನಾನೂ ಸೇರ್ಕೋತೀನಿ :-)

"ಒಂದು ಬದಲಾಯಿಸಿದ್ರೆ ಹತ್ತು ಕೆಡುತ್ತೆ."

ದೊಡ್ಡ ಜಿಗಿತಗಳಲ್ಲಿ ಇದು ನಿಜ. 2012ರ ಫೆಬ್ರುವರಿಯಲ್ಲಿ 2.4 ಸಾಲಿನ ಮೊದಲ ಸ್ಥಿರ ಆವೃತ್ತಿ 2.4.1 ಬಂದಾಗ, ಯಾರಿಗೆ ಪ್ರವೇಶ ಯಾರಿಗಿಲ್ಲ ಅಂತ ಬರೆಯೋ ರೀತಿಯೇ ಬದಲಾಯ್ತು. 2.2ರ ಕಾನ್ಫಿಗ್ ಹಾಗೇ ತಂದು ಇಟ್ಟವರಿಗೆ ಸರ್ವರ್ ಮೇಲೇಳಲಿಲ್ಲ ಅಥವಾ ಎಲ್ಲ ಪುಟಕ್ಕೂ 403. ಆದ್ರೆ ಅವರು ಹಳೇ ಬರಹ ನಡೆಸೋಕೆ ಒಂದು ಹೊಂದಾಣಿಕೆ ಮಾಡ್ಯೂಲ್ ಕೊಟ್ಟಿದ್ರು. ಜೊತೆಗೆ 2.2 ಸಾಲನ್ನೂ 2017ರವರೆಗೆ ಸಾಕಿದ್ರು, ಆ ವರ್ಷ ಜುಲೈನ 2.2.34 ಅದರ ಕೊನೆಯದು. ಐದು ವರ್ಷ ಕಾಲಾವಕಾಶ! ಮನೆ ಖಾಲಿ ಮಾಡೋಕೆ ಯಾವ ಮಾಲೀಕ ಐದು ವರ್ಷ ಕೊಡ್ತಾನೆ? ಇನ್ನು 2.4ರ ಒಳಗೇ ಒಂದರಿಂದ ಇನ್ನೊಂದಕ್ಕೆ ಹೋಗೋವಾಗ, ಮೊದಲಿನದಕ್ಕೆ ಕಂಪೈಲ್ ಮಾಡಿದ ಮಾಡ್ಯೂಲ್ ಹೊಸದರಲ್ಲೂ ನಡೀಬೇಕು ಅನ್ನೋದು ಅವರ ನೇಮ. ನಾಲ್ಕು ವರ್ಷ ಮುಟ್ಟದೆ ಒಂದೇ ಸಲ ಹಾರಿದ್ರೆ ಕಾಲು ಮುರಿಯುತ್ತೆ. ತಿಂಗಳಿಗೊಂದು ಮೆಟ್ಟಿಲು ಹತ್ತಿದ್ರೆ ಗೊತ್ತೂ ಆಗಲ್ಲ.

"ನಮ್ಮದು ಡಿಸ್ಟ್ರೋದ ಆವೃತ್ತಿ, ಅವರೇ ನೋಡ್ಕೋತಾರೆ."

ಇದರಲ್ಲಿ ಅರ್ಧ ಸತ್ಯ ಇದೆ. ರೆಡ್ ಹ್ಯಾಟ್‌ನವರು ಹಳೇ ಸಂಖ್ಯೆ ಹಾಗೇ ಇಟ್ಟು ಭದ್ರತಾ ತೇಪೆಗಳನ್ನ ಮಾತ್ರ ಹಿಂದಕ್ಕೆ ತಂದು ಹಾಕ್ತಾರೆ. ಹಾಗಾಗಿ ಬರೀ ಸಂಖ್ಯೆ ನೋಡಿ ಹಳೇದು ಅನ್ನೋ ಹಾಗಿಲ್ಲ. ಆದ್ರೆ ಆ ತೇಪೆ ನಿಮ್ಮ ಮೆಷಿನ್‌ಗೆ ತಾನಾಗೇ ನಡ್ಕೊಂಡು ಬರುತ್ತಾ? ಅಪ್‌ಡೇಟ್ ಆದೇಶ ನೀವು ಕೊಡಬೇಕಲ್ಲ. ಡಿಸ್ಟ್ರೋಗೂ ಆಯಸ್ಸಿದೆ. ಸೆಂಟ್‌ಒಎಸ್ 7ರ ಆಯಸ್ಸು 2024ರ ಜೂನ್ 30ಕ್ಕೆ ಮುಗಿಯಿತು. ಅದರಾಚೆಗೂ ಅದರ ಮೇಲೇ ಕೂತು "ಅವರೇ ನೋಡ್ಕೋತಾರೆ" ಅಂದ್ರೆ, ಅವರು ಯಾರು?

ಈಗ ನನ್ನ ಕತೆಯ ಉಳಿದ ಭಾಗ. ಇದನ್ನ ಈವರೆಗೆ ಯಾರಿಗೂ ಹೇಳಿರಲಿಲ್ಲ.

ಎರಡು ಸರ್ವರ್ ಜೊತೆ ಟೆಸ್ಟಿಂಗ್ ಮೆಷಿನ್ ಒಂದಕ್ಕೂ 2.4.49 ಹಾಕಿದ್ದೆ ಅಂದೆನಲ್ಲ? ಅವತ್ತು ರಾತ್ರಿ ಗಡಿಬಿಡಿಯಲ್ಲಿ ಅದನ್ನ "ಟೆಸ್ಟಿಂಗ್ ತಾನೆ, ನಾಳೆ ನೋಡೋಣ" ಅಂತ ಬಿಟ್ಟೆ. ಮಾರನೇ ದಿನ ಅಪ್ಪಣೆ ಬಂತಲ್ಲ, ಏನೂ ಮುಟ್ಟಬೇಡಿ ಅಂತ. ನಾನೂ ಮುನಿಸಿಕೊಂಡು "ಸರಿ, ಮುಟ್ಟಲ್ಲ" ಅಂತ ಸುಮ್ಮನಾದೆ. ಅಂದ್ರೆ ಯಾವ ಆವೃತ್ತಿಗೆ ಹೆದರಿ ಅಪ್‌ಗ್ರೇಡ್ ನಿಲ್ಲಿಸಿದ್ರೋ, ಅದೇ ಆವೃತ್ತಿ ಒಂದು ಮೆಷಿನ್‌ನಲ್ಲಿ ಹಾಗೇ ಹೆಪ್ಪುಗಟ್ಟಿತು. ಆ ಮೆಷಿನ್‌ನಲ್ಲಿ ಎಂದೋ 403 ಬರ್ತಿದೆ ಅಂತ ಬೇಸತ್ತು ಯಾರೋ "ಯಾರಿಗೂ ಪ್ರವೇಶ ಇಲ್ಲ" ಅನ್ನೋದನ್ನ "ಎಲ್ಲರಿಗೂ ಪ್ರವೇಶ" ಮಾಡಿದ್ರು (ಆ ಯಾರೋ ನಾನೇ ಇದ್ದರೂ ಇರಬಹುದು). ಒಂದು ಹಳೇ ಪರ್ಲ್ ಸ್ಕ್ರಿಪ್ಟ್‌ಗೋಸ್ಕರ ಸಿಜಿಐ ಕೂಡ ಚಾಲೂ ಇತ್ತು.

ಆರು ತಿಂಗಳಾದ ಮೇಲೆ ಕ್ಲೌಡ್ ಬಿಲ್ ಏರಿದಾಗ ಗೊತ್ತಾಯ್ತು. ಯಾರೋ ಒಳಗೆ ನುಗ್ಗಿ ಕ್ರಿಪ್ಟೋ ನಾಣ್ಯ ಅಗೆಯೋ ಪ್ರೋಗ್ರಾಂ ಓಡಿಸ್ತಿದ್ರು. ಮೆಷಿನ್ ಅಳಿಸಿ ಹಾಕಿ, ಹೊಸದು ಮಾಡಿ, ಅಲ್ಲಿಗೆ ಮುಗೀತು ಅಂದ್ರು. ಆದ್ರೆ ಆ ಮೆಷಿನ್‌ನಲ್ಲಿ ಟೆಸ್ಟಿಂಗ್‌ಗೆ ಅಂತ ನಾವು ನಿಜವಾದ ಡೇಟಾಬೇಸಿನ ಒಂದು ಪ್ರತಿ ಇಟ್ಟಿದ್ವಿ. ಕಾಲೇಜು ಪ್ರವೇಶಕ್ಕೆ ಅರ್ಜಿ ಹಾಕಿದ ಹುಡುಗ ಹುಡುಗಿಯರ ಹೆಸರು, ಫೋನ್ ನಂಬರ್, ಅಪ್ಪ ಅಮ್ಮನ ವಿವರ. ನುಗ್ಗಿದವನು ಅದನ್ನ ತಗೊಂಡು ಹೋದನೋ ಇಲ್ವೋ ಹೇಳೋಕೆ ಲಾಗ್ ಕೂಡ ಉಳಿದಿರಲಿಲ್ಲ. ಗಿರಾಕಿಗೆ ಹೇಳೋಣ್ವಾ ಅಂತ ಒಂದು ಸಲ ಕೇಳಿದೆ. "ಟೆಸ್ಟಿಂಗ್ ಮೆಷಿನ್ ಕಣಪ್ಪಾ, ಸುಮ್ನೆ ದೊಡ್ಡದು ಮಾಡಬೇಡ" ಅಂದ್ರು. ಎರಡನೇ ಸಲ ನಾನು ಕೇಳಲಿಲ್ಲ. ಆ ಪಟ್ಟಿಯಲ್ಲಿದ್ದ ಒಬ್ಬರಿಗೂ ಇವತ್ತಿನವರೆಗೆ ಇದು ಗೊತ್ತಿಲ್ಲ. ಒಂದು ವರ್ಷ ಬಿಟ್ಟು ನಾನು ಆ ಕೆಲಸ ಬಿಟ್ಟೆ, ಆದ್ರೆ ಆ ಸುಮ್ಮನಿದ್ದದ್ದು ನನ್ನನ್ನ ಬಿಟ್ಟಿಲ್ಲ.

"ಓಡ್ತಿರೋದನ್ನ ಮುಟ್ಟಬೇಡ" ಅನ್ನೋದು ಕೇಳೋಕೆ ಎಷ್ಟು ಚೆನ್ನಾಗಿದೆ! ಆ ಮೆಷಿನ್ ಆರು ತಿಂಗಳೂ ಚೆನ್ನಾಗೇ ಓಡ್ತಿತ್ತು. ನಮಗೂ ಓಡ್ತಿತ್ತು, ಕಳ್ಳನಿಗೂ ಓಡ್ತಿತ್ತು. ಓಡ್ತಿದೆ ಅನ್ನೋದು ಆರೋಗ್ಯದ ಗುರುತಲ್ಲ. ಮುಟ್ಟದೆ ಇರೋದೂ ಒಂದು ತೀರ್ಮಾನವೇ. ಅದಕ್ಕೂ ಬೆಲೆ ಇದೆ, ತೀರ್ಮಾನ ಮಾಡಿದವರು ಮಾತ್ರ ಅದನ್ನ ತೆರಲ್ಲ. ಅರ್ಜಿ ಹಾಕಿದ ಹುಡುಗಿ ತೆರ್ತಾಳೆ.

ನಮ್ಮೂರಲ್ಲಿ ಒಂದು ಕೆರೆ ಇದೆ. ನಮ್ಮ ತಾತ ಹೇಳ್ತಿದ್ರು, ಅವರ ಕಾಲದಲ್ಲಿ ಬೇಸಿಗೆ ಬಂದ್ರೆ ಮನೆಗೊಂದು ಆಳು ಹೋಗಿ ಹೂಳು ಎತ್ತಬೇಕಿತ್ತಂತೆ. ನೀರು ಬಿಟ್ಟುಕೊಳ್ಳೋ ಗದ್ದೆಯವರೆಲ್ಲ ಬರಲೇಬೇಕು. ಆಮೇಲಾಮೇಲೆ "ಯಾರೋ ಎತ್ತುತ್ತಾರೆ" ಅಂತ ಒಬ್ಬೊಬ್ಬರೇ ಬಿಟ್ಟರು. ಈಗ ಕೆರೆಯಲ್ಲಿ ಜಾಲಿ ಬೆಳೆದಿದೆ. ಅಪಾಚೆಯಂಥ ಮುಕ್ತ ತಂತ್ರಾಂಶ ನನಗೆ ಆ ಕೆರೆ ಥರಾನೇ ಕಾಣುತ್ತೆ. ಎಲ್ಲರ ತೂಬೂ ತೆರೆದಿದೆ, ಹೂಳೆತ್ತೋಕೆ ಬರೋರು ಬೆರಳೆಣಿಕೆ ಜನ.

ಬೈದು ಸುಮ್ಮನಾಗೋದು ಸುಲಭ, ಆದ್ದರಿಂದ ಮಾಡಬಹುದಾದ್ದನ್ನೂ ಹೇಳಿಬಿಡ್ತೀನಿ.

ನೀವು ಸರ್ವರ್ ನೋಡ್ಕೊಳ್ಳೋರಾದ್ರೆ, ಹೊಸ ಆವೃತ್ತಿ ಬಂದ ದಿನ ಅದರ ಬದಲಾವಣೆಗಳ ಪಟ್ಟಿ ಓದಿ. ಹತ್ತು ನಿಮಿಷ ಸಾಕು. ಭದ್ರತೆಯ ಸಾಲು ನಿಮ್ಮ ಮಾಡ್ಯೂಲಿಗೆ ಸಂಬಂಧಪಟ್ಟಿದ್ರೆ ಆ ವಾರವೇ ಹಾಕಿ, ಇಲ್ಲದಿದ್ರೆ ತಿಂಗಳೊಳಗೆ ಹಾಕಿ. ಹಿಂದಕ್ಕೆ ಹೋಗೋ ದಾರಿ ಇಟ್ಟುಕೊಂಡೇ ಹಾಕಿ. ಟೆಸ್ಟಿಂಗ್ ಮೆಷಿನ್ ಕೂಡ ಮೆಷಿನ್ನೇ, ಅದನ್ನ ಮರೀಬೇಡಿ. ನಿಜವಾದ ಜನರ ವಿವರ ಅಲ್ಲಿ ಇಡಬೇಡಿ. "ಯಾರಿಗೂ ಪ್ರವೇಶ ಇಲ್ಲ" ಅನ್ನೋ ಆ ಸಾಲನ್ನ ಯಾವ 403ಗೂ ಹೆದರಿ ತೆಗೀಬೇಡಿ.

ಇನ್ನೂ ಸ್ವಲ್ಪ ಮುಂದೆ ಹೋಗೋ ಮನಸ್ಸಿದ್ರೆ, ಬಿಡುಗಡೆಯ ಅಭ್ಯರ್ಥಿ ಬಂದಾಗ ಇಳಿಸಿಕೊಳ್ಳಿ. ಸಹಿ ಸರಿ ಇದೆಯಾ ನೋಡಿ, ಕಂಪೈಲ್ ಮಾಡಿ, ನಿಮ್ಮ ಕಾನ್ಫಿಗ್ ಇಟ್ಟು ಓಡಿಸಿ. ಕೆಟ್ಟಿದ್ರೆ ಹೇಳಿ, ಸರಿ ಇದ್ರೆ ಅದನ್ನೂ ಹೇಳಿ. ನಾನು ಈಗ ಹಾಗೆ ಮಾಡ್ತೀನಿ. ಮನೆಯ ಹಳೇ ಲ್ಯಾಪ್‌ಟಾಪ್‌ನಲ್ಲಿ ಕಾಫಿ ಕುಡಿಯೋಷ್ಟು ಹೊತ್ತಿನಲ್ಲಿ ಕಂಪೈಲ್ ಆಗುತ್ತೆ. ಮೊದಲ ಸಲ "ನನ್ನ ಕಡೆ ಎಲ್ಲ ಸರಿ ಇದೆ" ಅಂತ ಒಂದು ಸಾಲು ಬರೆದು ಕಳಿಸೋಕೆ ಕೈ ನಡುಗಿತ್ತು, ನಾನ್ಯಾವ ದೊಡ್ಡ ಮನುಷ್ಯ ಅಂತ. ಆ ಸಾಲಿಗೆ ಮತದ ಲೆಕ್ಕ ಇಲ್ಲ, ಗೊತ್ತು. ಆದ್ರೆ ಹೂಳೆತ್ತೋ ದಿನ ನಮ್ಮ ಮನೆಯಿಂದ ಒಂದು ಆಳು ಹೋಯ್ತು ಅನ್ನೋ ಸಮಾಧಾನ ಇದೆ.

ಕಂಪನಿ ನಡೆಸೋ ದೊಡ್ಡವರಿಗೆ ಒಂದೇ ಮಾತು. ನಿಮ್ಮ ಹುಡುಗರು ಅಪ್‌ಗ್ರೇಡ್ ಮಾಡಿ ಎಡವಿದ ದಿನ ಬೈಯ್ತೀರಿ, ಸರಿ. ಅಪ್‌ಗ್ರೇಡ್ ಮಾಡದೆ ಕೂತ ಒಂದೊಂದು ದಿನಕ್ಕೂ ಯಾರನ್ನ ಬೈಯ್ತೀರಿ? ಎಡವಿದವನಿಗೆ ಮಾತ್ರ ಶಿಕ್ಷೆ, ಮಲಗಿದವನಿಗೆ ಇಲ್ಲ ಅಂದ್ರೆ ಎಲ್ಲರೂ ಮಲಗ್ತಾರೆ. ನಾನೂ ಮಲಗಿದ್ದೆ.

ಗೆಳೆಯಾ, ನೀನು ಇದನ್ನ ಓದಿದ್ರೆ ಬೇಜಾರು ಮಾಡ್ಕೋಬೇಡ. ನಾಲ್ಕು ವರ್ಷ ಅಂದೆಯಲ್ಲ, ಮನೆಗೆ ಬಂದು ಲೆಕ್ಕ ಹಾಕಿ ನೋಡಿದೆ. ನಿದ್ದೆ ಬರಲಿಲ್ಲ. ಸೋಮವಾರ ಆಫೀಸಿಗೆ ಹೋದ ತಕ್ಷಣ ನಿನ್ನ ಸರ್ವರ್‌ನ ಆವೃತ್ತಿ ಯಾವುದು ಅಂತ ಒಂದು ಆದೇಶ ಕೊಟ್ಟು ನೋಡು. 2.4.49 ಅಂತ ಬಂದ್ರೆ ಕಾಫಿ ಕುಡಿಯೋಕೂ ಮೊದಲು ನನಗೆ ಫೋನ್ ಮಾಡು. ಇಬ್ರೂ ಕೂತು ಮಾಡೋಣ.

ಉಳಿದವರೂ ನೋಡಿ. ನನ್ನ ವಾದ ತಪ್ಪು ಅನ್ನಿಸಿದ್ರೆ ಧಾರಾಳವಾಗಿ ಬೈಯಿರಿ, ಬೈಯೋಕೆ ಮೊದಲು ಅಪ್‌ಡೇಟ್ ಮಾಡಿ ಅಷ್ಟೇ :-)